ಕಿಟಕಿ ಇದ್ದ ಡೈ

ವಾರಕ್ಕೆ ಆರು ದಿನ ಡೈಗಳ ಜೊತೆಯೇ ನನ್ನ ಸಂಸಾರ. ನೈರೋಬಿಯ ಔಷಧ ಕಾರ್ಖಾನೆಯೊಂದರಲ್ಲಿ ಮಾತ್ರೆ ಒತ್ತುವ ಯಂತ್ರಗಳ ಡೈಗಳನ್ನು, ಅಂದರೆ ಉಕ್ಕಿನ ಅಚ್ಚುಗಳನ್ನು, ಅಳೆಯುವುದು, ಉಜ್ಜುವುದು, ಸವೆದದ್ದನ್ನು ಎಸೆಯುವುದು ನನ್ನ ಕೆಲಸ. ಕರೆಂಟು ಹೋಗಿ ಬಂದಾಗಲೆಲ್ಲ ಯಂತ್ರ ಮುನಿಸಿಕೊಳ್ಳುತ್ತಿತ್ತು. ಸಂಜೆ ಪಂಗಾನಿಯ ಮನೆಗೆ ಹೋಗುವ ಮಟಾಟು ವ್ಯಾನಿನಲ್ಲಿ ಕೂತ ಕೂಡಲೇ ತೂಕಡಿಸಿ, ಎಷ್ಟೋ ಸಲ ನನ್ನ ಸ್ಟಾಪ್ ದಾಟಿ ಇಳಿದಿದ್ದೇನೆ. ಭಾನುವಾರವಾದರೂ ಡೈ ಎಂಬ ಪದ ಕಿವಿಗೆ ಬೀಳದಿದ್ದರೆ ಸಾಕಪ್ಪಾ ಅನ್ನಿಸುತ್ತಿತ್ತು.

ಆಗ ಗಂಟುಬಿದ್ದವರು, ಕನ್ನಡ ಸಂಘದಲ್ಲಿ ಪರಿಚಯವಾದ ಲೊರೆಶೋ ಬಡಾವಣೆಯ ಅಂಕಲ್. ಕೊಡಗಿನವರು, ಚಹಾ ಕಂಪನಿಯಿಂದ ನಿವೃತ್ತರಾದವರು, ಎಪ್ಪತ್ತು ದಾಟಿತ್ತು. ಗಂಡು ಮಗು ಹುಟ್ಟಿದರೆ ಕೋವಿ ಹಾರಿಸಿ ಊರಿಗೆ ತಿಳಿಸುವ ಮನೆತನ. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದು ರೈಫಲ್ ಕ್ಲಬ್ಬಿನ ಭಾನುವಾರ ಒಂದೇ. ಹಾರಿಸಿದ ತೋಟೆಗಳ ಖಾಲಿ ಹಿತ್ತಾಳೆ ಕೇಸಿಗೆ ಮತ್ತೆ ಮದ್ದು ತುಂಬಲು ಕ್ಲಬ್ಬಿನಲ್ಲಿ ಪರವಾನಗಿ ಇದ್ದ ಕೋಣೆಯಿತ್ತು. ಕೊನೆಯಲ್ಲಿ ಕೇಸಿನ ಬಾಯಿಗೆ ಬುಲೆಟ್ ಒತ್ತಿ ಕೂರಿಸುವ ಸೀಟಿಂಗ್ ಡೈ ಅವರಿಗೆ ಹೊಸದು ಬೇಕಿತ್ತು. ಡೈ ಅಂದಮೇಲೆ ನಾನೇ ಸರಿ ಎಂದು ಅವರ ತೀರ್ಮಾನ.

ಮೂರು ಭಾನುವಾರ ಅವರು ನನ್ನೆದುರು ಬಿಚ್ಚಿಟ್ಟದ್ದು ಒಂದೇ ಕ್ಯಾಟಲಾಗು. ಒಂದು ಸಾದಾ ಡೈ. ಇನ್ನೊಂದರ ತಲೆಯ ಮೇಲೆ ಮೈಕ್ರೋಮೀಟರ್, ಕೂದಲೆಳೆಯಷ್ಟು ಆಳವನ್ನೂ ಹೊಂದಿಸಬಹುದು. ಮೂರನೆಯದರ ಪಕ್ಕಕ್ಕೆ ಪುಟ್ಟ ಕಿಟಕಿ. ಬುಲೆಟ್ಟನ್ನು ಅದರೊಳಗೆ ಹಾಕಿದರೆ ತಾನೇ ಜಾರಿ ಕೇಸಿನ ಬಾಯಿಗೆ ಕೂರುತ್ತದೆ.

"ಈ ಕಿಟಕಿದು ಹೇಗೆ? ಹ್ಯಾಂಡಲ್ ಮಾಡೋಕೆ ಈಸಿ ಅಲ್ವಾ?" ಎಂದು ಪ್ರತಿ ವಾರ ಕೇಳುತ್ತಿದ್ದರು.

"ಅದೆಲ್ಲ ಶೋಕಿ ಅಂಕಲ್. ಆಕ್ಯುರೆಸಿ ಬೇಕಂದ್ರೆ ಮೈಕ್ರೋಮೀಟರ್‌ದೇ ತಗೊಳ್ಳಿ" ಎಂದು ಪ್ರತಿ ವಾರ ಹೇಳುತ್ತಿದ್ದೆ. ಮೂರನೇ ವಾರ ಸ್ವಲ್ಪ ಸಿಡುಕಿಯೇ ಹೇಳಿದೆ. ಅವರು ಕ್ಯಾಟಲಾಗು ಮಡಚಿ, "ಆಯ್ತು, ನೀವು ಹೇಳಿದ ಮೇಲೆ ಮುಗೀತು" ಎಂದರು.

ಲಂಡನ್ನಿನಿಂದ ಬಂದ ಪರಿಚಯದವರ ಕೈಲಿ ಡೈ ತರಿಸುವಷ್ಟರಲ್ಲಿ ಎರಡು ತಿಂಗಳು ಕಳೆದಿತ್ತು. ಕೂರಿಸಿಕೊಡಲು ಕ್ಲಬ್ಬಿಗೆ ನನ್ನನ್ನೇ ಕರೆದರು. ಒಳ್ಳೆಯ ಸಾಮಾನು, ನಮ್ಮ ಕಾರ್ಖಾನೆಗೆ ಇಂಥದ್ದು ಬಂದಿದ್ದರೆ ಎಂದು ಹೊಟ್ಟೆಕಿಚ್ಚೂ ಆಯಿತು. ಅದನ್ನು ಮೇಜಿಗೆ ಬಿಗಿದಿದ್ದ ಕೈಪ್ರೆಸ್ಸಿಗೆ ತಿರುಗಿಸಿ ಕೂರಿಸಿ, ಆಳ ಹೊಂದಿಸಿ, "ನೋಡಿ ಅಂಕಲ್, ಶುರು ಮಾಡಿ" ಎಂದೆ.

ಈ ಡೈಗೆ ಬುಲೆಟ್ಟನ್ನು ಕೇಸಿನ ಬಾಯಿಯ ಮೇಲಿಟ್ಟು, ಅದು ಡೈಯೊಳಗೆ ಹೋಗುವವರೆಗೂ ಎರಡು ಬೆರಳಲ್ಲಿ ಹಿಡಿದಿರಬೇಕು. ಅವರು ಹಿಡಿದರು. ಬುಲೆಟ್ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದನ್ನು ಇಡುವಾಗ ಅವರ ಬೆರಳು ನಡುಗುವುದು ಕಂಡಿತು. ಕೇಸು ಉರುಳಿ ಮದ್ದು ಮೇಜಿನ ಮೇಲೆ ಚೆಲ್ಲಿತು.

"ಮೊದ್ಲೇ ಹೇಳಬಾರ್ದಿತ್ತಾ ಅಂಕಲ್?"

"ಹೇಗೆ ಹೇಳ್ಲಿ ಮಾರಾಯ್ರೆ? ಮಲಗಿ ಹೊಡೆಯುವಾಗ ರೈಫಲ್ ಊರೋಕೆ ಮರಳಿನ ಮೂಟೆ ಇರ್ತದೆ, ಯಾರಿಗೂ ಗೊತ್ತಾಗಲ್ಲ. ಕೈ ನಡುಗ್ತದೆ ಅಂತ ಗೊತ್ತಾದ್ರೆ ಕ್ಲಬ್ಬಿನವರು ರೈಫಲ್ ಮುಟ್ಟೋಕೆ ಬಿಡಲ್ಲ. ಕಿಟಕಿದೇ ತಗೊಳ್ಳಿ ಅಂತ ನೀವಾಗಿ ಹೇಳ್ತೀರಿ ಅಂದ್ಕೊಂಡಿದ್ದೆ."

ನನಗೆ ತುಂಬ ನಾಚಿಕೆಯಾಯಿತು. ಮೂರು ವಾರ ಅದೇ ಕೈ ನನ್ನೆದುರು ಪುಟ ತಿರುವಿತ್ತು. ನಾನು ಎಲ್ಲಿ ನೋಡುತ್ತಿದ್ದೆನೋ.

"ಇನ್ನೊಂದನ್ನ ತರಿಸೋಣ ಅಂಕಲ್. ನಾನು ಯಾರಿಗೂ ಹೇಳಲ್ಲ."

ಅವರು ಚೆಲ್ಲಿದ ಮದ್ದನ್ನು ಕಾಗದದ ಮೇಲೆ ನಿಧಾನವಾಗಿ ಗೋರಿದರು. ಅರ್ಧ ಮತ್ತೆ ಚೆಲ್ಲಿತು.

"ಬೇಡ. ನನಗೊಬ್ಬನಿಗೇ ಗೊತ್ತಿರುವವರೆಗೆ ಹೇಗೋ ನಡೀತಿತ್ತು. ಈಗ ನಿಮಗೂ ಗೊತ್ತಾಯ್ತು. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಗೊತ್ತಿದ್ದೂ ಸುಮ್ಮನಿದ್ದೆ ಅಂತ ನೀವು ಕೊರಗೋದು ಬೇಡ."

ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಳ್ಳಲು ಹೋದರು, ಆಗಲಿಲ್ಲ. ನಾನೇ ಹಾಕಿದೆ. ಆಮೇಲೆ ಅವರು ಪಕ್ಕದ ಆಫೀಸಿಗೆ ಹೋಗಿ, ಬಾಗಿಲು ತಟ್ಟಿ, ಕ್ಲಬ್ಬಿನ ಸೆಕ್ರೆಟರಿಯ ಎದುರು ಕುರ್ಚಿ ಎಳೆದುಕೊಂಡು ಕೂತರು.