ಅಮ್ಮನ ಹಿತ್ತಾಳೆ ಸ್ಟವ್

ಆಗೆಲ್ಲ ನಮ್ಮ ಜೆಪ್ಪುವಿನಲ್ಲಿ ಯಾರ ಮನೆಯಲ್ಲಿ ಚಹಾಕ್ಕೆ ನೀರಿಟ್ಟರೂ ಓಣಿಗೇ ಗೊತ್ತಾಗುತ್ತಿತ್ತು. ಗ್ಯಾಸ್ ಇದ್ದ ಮನೆಗಳು ಬೆರಳೆಣಿಕೆಯಷ್ಟು. ಉಳಿದವರದೆಲ್ಲ ಭುಸ್ಸೆನ್ನುವ ಪಂಪ್ ಸ್ಟವ್. ನಮ್ಮದು ಮೂರು ಕಾಲಿನ ಹಿತ್ತಾಳೆಯದು. ಅಪ್ಪ ನನಗೆ ನೆನಪು ಮೂಡುವ ಮೊದಲೇ ತೀರಿಕೊಂಡಿದ್ದರು. ಅಮ್ಮ ಆ ಸ್ಟವ್‌ನಲ್ಲಿ ಬನ್ಸ್, ಗೋಳಿಬಜೆ ಕರಿದು ಹತ್ತಿರದ ಹೋಟೆಲಿಗೆ ಕೊಡುತ್ತಿದ್ದಳು. ಅದರ ಸದ್ದು ಕೇಳಿದರೆ ಅಮ್ಮ ಮನೆಯಲ್ಲಿದ್ದಾಳೆ ಎಂದರ್ಥ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಸ್ಟವ್ ಕೆಟ್ಟಿತು. ಎಷ್ಟು ಪಂಪ್ ಹೊಡೆದರೂ ಒಳಗೆ ಗಾಳಿ ನಿಲ್ಲುತ್ತಿರಲಿಲ್ಲ. ಅದೇ ತಿಂಗಳು ಅಮ್ಮ ಯಾರದೋ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಮಸ್ಕತ್‌ಗೆ ಹೋದಳು.

"ಅಮ್ಮ ಯಾಕೆ ಹೋದದ್ದು?" ಎಂದು ಅಜ್ಜಿಯ ಬೆನ್ನುಬಿದ್ದೆ.

ಅಜ್ಜಿ ಬೀಡಿ ಕಟ್ಟುತ್ತಿದ್ದರು. "ಸ್ಟವ್ ಹಾಳಾಯ್ತಲ್ಲ ಮಗಾ, ಇನ್ನೆಂತ ಮಾಡುದು?" ಅಂದುಬಿಟ್ಟರು.

ಮಕ್ಕಳ ಬಾಯಿ ಮುಚ್ಚಿಸಲು ಹೇಳಿದ ಮಾತು ಅದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಸ್ಟವ್ ಸರಿಯಾದರೆ ಅಮ್ಮ ಬಂದು ಇಲ್ಲೇ ಇರುತ್ತಾಳೆ.

ಶಾಲೆಯಿಂದ ಬಂದರೆ ಮನೆಯಲ್ಲಿ ಬೀಡಿ ಎಲೆ ಕತ್ತರಿಸುವ ಕತ್ತರಿಯ ಸದ್ದು ಮಾತ್ರ. ಸಂಜೆ ಪಕ್ಕದ ಮನೆಯ ಲಲಿತಕ್ಕನ ಸ್ಟವ್ ಭುಸ್ಸೆಂದರೆ ನನಗೆ ಹೊಟ್ಟೆ ಉರಿಯುತ್ತಿತ್ತು. ಎರಡು ಕಿವಿಗೂ ಕೈ ಅಡ್ಡ ಇಟ್ಟುಕೊಂಡು ಕೂತಿರುತ್ತಿದ್ದೆ.

ಮರುವರ್ಷ ಬೇಸಗೆ ರಜೆಯಲ್ಲಿ ಕಾಗದ ಬಂತು: ಅಮ್ಮ ಒಂದು ತಿಂಗಳಿಗೆ ಬರುತ್ತಾಳೆ. ನಾನು ಅಟ್ಟ ಹತ್ತಿ ಸ್ಟವ್ ಇಳಿಸಿದೆ. ಅಜ್ಜಿ ಮೀನಿಗೆಂದು ಬಂದರಿಗೆ ಹೊರಟಾಗ ಚೀಲದಲ್ಲಿ ಹಾಕಿಕೊಂಡು ನಾನೂ ಹೋದೆ. ಅಲ್ಲಿ ಗೋಡೌನಿನ ಮೂಲೆಯಲ್ಲಿ ಕೊಡೆ, ಸ್ಟವ್ ರಿಪೇರಿ ಮಾಡುವ ಮೋನಾಕ ಕೂರುತ್ತಿದ್ದರು. ಪಂಪನ್ನು ಎರಡು ಸಲ ಎಳೆದು ನೋಡಿದರು.

"ವಾಸರ್ ಒಣಗಿದ್ದು, ಬೇರೆಂತ ಇಲ್ಲ," ಎಂದು ಚರ್ಮದ ಸಣ್ಣ ಟೊಪ್ಪಿಯಂಥದ್ದೊಂದನ್ನು ಅಂಗೈಗೆ ಹಾಕಿದರು. "ಎರಡು ದಿನ ತೆಂಗಿನೆಣ್ಣೆಯಲ್ಲಿ ಮುಳುಗಿಸಿಡು. ಅವಸರ ಮಾಡ್ಬೇಡ ಮಾರಾಯ್ತಿ."

ಕೈಗೆ ಸಿಕ್ಕಿದ್ದು ಅಜ್ಜಿ ತಲೆಗೆ ಹಚ್ಚುವ ಎಣ್ಣೆಯ ಬಟ್ಟಲು. ಅದರಲ್ಲೇ ಹಾಕಿಟ್ಟೆ. ಮರುದಿನ ಅಜ್ಜಿ ನನ್ನನ್ನು ಕೂರಿಸಿ ನೆತ್ತಿಗೆ ಎಣ್ಣೆ ತಟ್ಟಿದರು, ಮೂಸಿದರು.

"ಇದೆಂತ, ಎಣ್ಣೆಗೆ ಚಪ್ಪಲಿ ವಾಸನೆ?"

ಅವರ ಬೆರಳಿಗೆ ವಾಷರ್ ತಾಗಿತು. ಬೈಗುಳ ಓಣಿಯ ಆ ತುದಿಗೂ ಕೇಳಿರಬೇಕು. ಬೈದು ಮುಗಿದ ಮೇಲೆ ಅವರೇ ಹಿತ್ತಿಲಿನಿಂದ ಹುಳಿಹುಳಿ ಬಿಂಬುಳಿ ಕಾಯಿ ಕೊಯ್ದು ತಂದು, ಜಜ್ಜಿ, ನನ್ನೊಟ್ಟಿಗೆ ಕೂತು ಹಿತ್ತಾಳೆ ತಿಕ್ಕಿದರು. ಯಾಕೆ ಸರಿ ಮಾಡುತ್ತಿದ್ದೇನೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮಾರನೇ ಸಂಜೆ ವಾಷರ್ ಹಾಕಿ, ಪಿನ್ನಿನಿಂದ ತೂತು ಬಿಡಿಸಿ, ಸೀಮೆಎಣ್ಣೆ ತುಂಬಿದೆವು. "ಮುಖ ದೂರ ಇಟ್ಟುಕೋ," ಎಂದು ಅಜ್ಜಿ ಕಡ್ಡಿ ಗೀರಿದರು. ನಾನು ಪಂಪ್ ಹೊಡೆದೆ. ಮೊದಲು ಹಳದಿ ಬೆಂಕಿ, ಆಮೇಲೆ ನೀಲಿ, ಆಮೇಲೆ ಆ ಸದ್ದು.

ಗೋಡೆಯಾಚೆಯಿಂದ ಲಲಿತಕ್ಕ ಅಮ್ಮನ ಹೆಸರು ಹಿಡಿದು ಕೇಳಿದರು, "ಸುಶೀಲ ಬಂದಳಾ?"

"ಇಲ್ಲ, ಬರುವ ವಾರ," ಎಂದು ನಾನು ಕೂಗಿದೆ. ಅಷ್ಟು ಖುಷಿ ನನಗೆ ಆಮೇಲೆ ಯಾವತ್ತೂ ಆದದ್ದಿಲ್ಲ.

ಅಮ್ಮ ಬಂದಳು. ಪೆಟ್ಟಿಗೆ ತುಂಬ ಸೋಪಿನ ಪರಿಮಳ. ಸ್ಟವ್ ಹೊತ್ತಿಸಿ ತೋರಿಸಿದೆ. ನಕ್ಕು, ಸೆರಗು ಸಿಕ್ಕಿಸಿ ಕೂತು, ಗೋಳಿಬಜೆ ಬಿಟ್ಟಳು. ಬಾಯಿ ಸುಟ್ಟುಕೊಂಡು ತಿನ್ನುತ್ತಲೇ ಕೇಳಿದೆ, "ಇನ್ನು ಹೋಗುದು ಬೇಡ ಅಲ್ವಾ? ಸ್ಟವ್ ಸರಿಯಾಯ್ತಲ್ಲ."

ಅಮ್ಮನ ಕೈ ಹಿಟ್ಟಿನಲ್ಲೇ ನಿಂತಿತು. ಅಜ್ಜಿಯನ್ನು ನೋಡಿದಳು. ಅಜ್ಜಿ ಬೀಡಿಯ ಮೊರದತ್ತ ತಲೆ ತಗ್ಗಿಸಿದರು.

"ಸ್ಟವ್‌ನಿಂದ ಆಗುವುದಲ್ಲ ಮಗಾ," ಎಂದು ಅಮ್ಮ ಗಾಳಿಯ ತಿರುಪು ಸಡಿಲಿಸಿದಳು. ಸದ್ದು ನಿಂತಿತು.

ಮಸ್ಕತ್ ವಿಮಾನ ಹಿಡಿಯಲು ಅವಳು ಬೊಂಬಾಯಿ ಬಸ್ಸು ಹತ್ತುವ ದಿನ ನಾನು ಕಳಿಸಲು ಹೋಗಲಿಲ್ಲ. ಸ್ಟವ್‌ಗೆ ಒದ್ದೆ. ಹೆಬ್ಬೆರಳು ಬಾತುಕೊಂಡಿತು, ಸ್ಟವ್‌ಗೇನೂ ಆಗಲಿಲ್ಲ.

ಅಮ್ಮ ಕೆಲಸ ಬಿಟ್ಟು ಬಂದದ್ದು ನನಗೆ ಇಪ್ಪತ್ತಮೂರು ತುಂಬಿದ ಮೇಲೆ. ಈಗ ಅಜ್ಜಿ ಇಲ್ಲ, ಮೋನಾಕರ ಮೂಲೆ ಇಲ್ಲ, ಸೀಮೆಎಣ್ಣೆ ಹುಡುಕಿದರೂ ಸಿಗುವುದಿಲ್ಲ. ಸ್ಟವ್ ಮಾತ್ರ ನನ್ನ ಹತ್ತಿರ ಉಂಟು. ಕಳೆದ ಮಳೆಗಾಲ ಹಳೇ ಡಬ್ಬದ ತಳದಲ್ಲಿ ಉಳಿದಿದ್ದ ಚೂರು ಸೀಮೆಎಣ್ಣೆ ಹಾಕಿ ಹೊತ್ತಿಸಿದೆ. ಸದ್ದು ಕೇಳಿ ಅಮ್ಮ ಎದ್ದು ಬಂದು ಬಾಗಿಲಲ್ಲಿ ನಿಂತಳು.

"ಗೋಳಿಬಜೆ ಮಾಡಿ ಕೊಡ್ಲಾ?"

ಕರಿದದ್ದು ನನಗೆ ಆಗದೆ ವರ್ಷಗಳೇ ಆದವು. ಅವಳಿಗೆ ಗೊತ್ತಿಲ್ಲ. ನನಗೇನು ಸೇರುತ್ತದೆಂದು ಅವಳು ತಿಳಿಯಬೇಕಾಗಿದ್ದ ಕಾಲದಲ್ಲಿ ಅವಳು ಬೇರೆಯವರ ಮಕ್ಕಳಿಗೆ ಉಣಿಸುತ್ತಿದ್ದಳು.

"ಮಾಡಮ್ಮ," ಅಂದೆ.