ಜೊತೆಗೆ ಕರೆಯುತ್ತಿದ್ದ ಹವಾಲ್ದಾರ್

ನಮ್ಮ ಹೊಸನಗರದ ಕಡೆ ಮಾಜಿ ಸೈನಿಕನೊಬ್ಬ ನಿದ್ದೆಗೆಟ್ಟು ಮಾತು ಬಿಟ್ಟಿದ್ದಾನೆಂದು ತಿಳಿದರೆ ಸಾಕು, ಹವಾಲ್ದಾರ್ ಧರ್ಮಪ್ಪ ಮರುದಿನವೇ ಬೂಟಿಗೆ ಪಾಲಿಶ್ ಹಾಕಿಕೊಂಡು ಅವನ ಜಗಲಿಯಲ್ಲಿ ಹಾಜರಿರುತ್ತಿದ್ದ. ಬುದ್ಧಿ ಹೇಳುತ್ತಿರಲಿಲ್ಲ. "ಶಿವಮೊಗ್ಗಕ್ಕೆ ಮನಸ್ಸಿನ ಡಾಕ್ಟ್ರ ಹತ್ರ ಹೋಗ್ಬೇಕು ಮಾರಾಯ, ಒಬ್ನೇ ಹೋಗಕ್ಕೆ ಹೆದ್ರಿಕೆ. ಜೊತೆಗೆ ಬಾ" ಎನ್ನುತ್ತಿದ್ದ. ಸೈನ್ಯದಿಂದ ಬಂದ ನಾನೂ ಹಾಗೆ ನಿದ್ದೆಗೆಟ್ಟಿದ್ದಾಗ ನಮ್ಮನೆಗೆ ಬಂದವನನ್ನು ಕೆಣಕಿದ್ದೆ: "ಗಡಿ ಕಾದೋನಿಗೆ ಡಾಕ್ಟ್ರು ಅಂದ್ರೆ ಹೆದ್ರಿಕೆಯಾ?" "ಅಲ್ಲಿ ಕೈಯಲ್ಲಿ ಬಂದೂಕಿತ್ತಲ್ಲೋ!" ಎಂದ. ತನಗಾಗಿ ಆಸ್ಪತ್ರೆ ಮೆಟ್ಟಿಲು ಹತ್ತದ ಸೈನಿಕ ಜೊತೆಗಾರನಿಗಾಗಿ ಹತ್ತಿಯೇ ಹತ್ತುತ್ತಾನೆಂದು ಅವನಿಗೆ ಗೊತ್ತಿತ್ತು. ಅಲ್ಲಿ "ಮೊದ್ಲು ನೀನು ಮಾತಾಡು, ನಂಗೆ ಧೈರ್ಯ ಬರ್ಲಿ" ಎಂದು ನಮ್ಮನ್ನು ಡಾಕ್ಟರ ಮುಂದೆ ಕೂರಿಸಿ, ತಾನು ಹೊರಗೆ ಕಾಯುತ್ತಿದ್ದ. ಹಾಗೆ ಹದಿನೇಳು ಜನ ಗೆಲುವಾದೆವು. ಅವನ ಹೆದರಿಕೆಯನ್ನು ಒಳ್ಳೆಯ ನಾಟಕವೆಂದೇ ಎಲ್ಲರೂ ಮೆಚ್ಚಿದ್ದೆವು. ಹೋದ ತಿಂಗಳು ಎದೆನೋವಿನಿಂದ ಅವನು ತೀರಿಕೊಂಡ ಮೇಲೆ ಅವನ ಹೆಂಡತಿ ಕಪಾಟು ತೆರೆದು ತೋರಿಸಿದರು: ಅದೇ ಡಾಕ್ಟರು ಬರೆದುಕೊಟ್ಟ ಹನ್ನೊಂದು ವರ್ಷಗಳ ಔಷಧಿ ಚೀಟಿಗಳು, ಎಲ್ಲವೂ ಅವನ ಹೆಸರಿನವು. ನಿನ್ನೆ ನಾನು ರಿಪ್ಪನ್‌ಪೇಟೆಯ ಮಾಜಿ ಸೈನಿಕನೊಬ್ಬನ ಜಗಲಿಯಲ್ಲಿ ಕೂತು "ಒಬ್ನೇ ಹೋಗಕ್ಕೆ ಹೆದ್ರಿಕೆ ಮಾರಾಯ, ಜೊತೆಗೆ ಬಾ" ಎಂದೆ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಎದ್ದು ಬೂಟು ಹುಡುಕತೊಡಗಿದ.