ಮೊದಲ ಇಂಜೆಕ್ಷನ್

ತೀರ್ಥಹಳ್ಳಿಯಲ್ಲಿ ನಮ್ಮಂಥ ಡಾಕ್ಟರರಿಗೆ ಅಲರ್ಜಿ ಕುರಿತು ಒಂದು ದಿನದ ತರಬೇತಿಯಿತ್ತು. ನಾನು ಹೋದದ್ದು ಊಟಕ್ಕೆ ಎಂದರೂ ತಪ್ಪಿಲ್ಲ. ಹೊಸನಗರದಲ್ಲಿ ಇಪ್ಪತ್ತೆಂಟು ವರ್ಷ ಕ್ಲಿನಿಕ್ ನಡೆಸಿದವನಿಗೆ ಮಗಳ ವಯಸ್ಸಿನ ಡಾಕ್ಟರಮ್ಮ ಏನು ಕಲಿಸಿಯಾಳು ಎಂಬ ಜಂಬ.

ಅವರು ಭಾಷಣ ಮಾಡಲಿಲ್ಲ. ಪರದೆಯ ಮೇಲೆ ಒಬ್ಬ ರೋಗಿಯನ್ನು ತಂದರು: ಕಣಜ ಕಚ್ಚಿದ ಹೆಂಗಸು, ಮೈತುಂಬ ದದ್ದು, ಉಬ್ಬಸ, ಇಳಿಯುತ್ತಿರುವ ಬಿಪಿ. "ಮೊದಲು ಏನು ಕೊಡ್ತೀರಿ?" ಮೊಬೈಲಿನಲ್ಲಿ ಉತ್ತರ ಒತ್ತಬೇಕು; ನಾವು ಒತ್ತಿದಂತೆ ರೋಗಿಯ ಕಥೆ ಮುಂದುವರಿಯುತ್ತದೆ. ನಾನು ಯೋಚಿಸದೆ ತುರಿಕೆಯ ಇಂಜೆಕ್ಷನ್ ಮತ್ತು ಸ್ಟಿರಾಯ್ಡ್ ಒತ್ತಿದೆ. ದದ್ದು ಕಂಡರೆ ನಮ್ಮ ಕೈ ತಾನಾಗಿ ಹೋಗುವುದು ಅಲ್ಲಿಗೇ. ಅಡ್ರಿನಲಿನ್ ಅಂದರೆ ಹೃದಯ ನಿಂತ ಮೇಲೆ ಬಿಡುವ ಕೊನೆಯ ಬಾಣ ಎಂದು ನಂಬಿದವರು ನಾವು. ಬಹಳ ಜನ ನನ್ನ ಹಾಗೇ ಒತ್ತಿದ್ದರು. ಪರದೆಯ ಹೆಂಗಸು ಸತ್ತಳು.

"ಅಡ್ರಿನಲಿನ್, ತೊಡೆಗೆ, ತಕ್ಷಣ. ಉಳಿದದ್ದೆಲ್ಲ ಆಮೇಲೆ" ಎಂದರು ಡಾಕ್ಟರಮ್ಮ.

"ಅಯ್ಯೋ, ಕೊಂದ್ಬಿಟ್ವಲ್ಲ ಮಾರಾಯ್ರೆ" ಎಂದು ಪಕ್ಕದವರು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ವರ್ಷ ಸೊಪ್ಪು ಕಡಿಯುವಾಗ ಕಣಜ ಕಚ್ಚಿಸಿಕೊಂಡ ಹೆಂಗಸೊಬ್ಬಳು ಗಂಡನ ಜೊತೆ ಬಸ್ಸಿಳಿದು ನನ್ನ ಕ್ಲಿನಿಕ್ಕಿಗೆ ನಡೆದುಕೊಂಡೇ ಬಂದಿದ್ದಳು. ಅವೇ ಎರಡು ಇಂಜೆಕ್ಷನ್ ಕೊಟ್ಟು ಕಾದಿದ್ದೆ. ಶಿವಮೊಗ್ಗಕ್ಕೆ ಸಾಗಿಸುವ ದಾರಿಯಲ್ಲೇ ಹೋಗಿಬಿಟ್ಟಳು. ಆಗ ಗಂಡನಿಗೆ ನಾನು ಹೇಳಿದ್ದು: "ತಡ ಮಾಡಿದ್ರಿ. ಬಸ್ಸಿಗೆ ಕಾಯ್ಬಾರ್ದಿತ್ತು." ಡಾಕ್ಟರರ ಬಾಯಿಗೆ ಬೇಗ ಬರುವ ಮಾತು ಅದು. ಅಡ್ರಿನಲಿನ್ ನನ್ನ ಕೈಗೆಟುಕುವ ಕಪಾಟಿನಲ್ಲೇ ಇತ್ತು.

ಮೂರು ದಿನ ನನ್ನೊಳಗೇ ಜಗಳವಾಡಿದೆ. ಹೇಳಿದರೆ ಊರಿಗೆಲ್ಲ ಗೊತ್ತಾಗುತ್ತದೆ, ಆತ ಕೇಸು ಹಾಕಿದರೂ ಹಾಕಿಯಾನು. ಸುಳ್ಳೇಕೆ, ಹೆದರಿದ್ದೆ. ಆದರೂ ಭಾನುವಾರ ಆತನ ಮನೆಗೆ ಹೋದೆ. ಕುಡಿಯಲು ನೀರು ಕೊಟ್ಟ. ಕುಡಿಯದೆ ಹೇಳಿದೆ: "ನೀವು ತಡ ಮಾಡ್ಲಿಲ್ಲ. ಸರಿಯಾದ ಹೊತ್ತಿಗೇ ಕರ್ಕೊಂಡು ಬಂದಿದ್ರಿ. ಕೊಡಬೇಕಾದ ಇಂಜೆಕ್ಷನ್ ನನ್ ಹತ್ರ ಇತ್ತು, ಕೊಡ್ಲಿಲ್ಲ. ತಪ್ಪು ನಂದು."

ಬೈಯುತ್ತಾನೆ ಎಂದುಕೊಂಡಿದ್ದೆ. ಆತ ಒಳಗಿದ್ದ ಮಗಳನ್ನು ಕರೆದ. ಹೈಸ್ಕೂಲಿಗೆ ಹೋಗುವ ಹುಡುಗಿ ಬಂದು ಅಪ್ಪನಿಂದ ದೂರ, ಬಾಗಿಲಲ್ಲೇ ನಿಂತಳು.

"ಇವ್ಳು ನನ್ ಹತ್ರ ಮಾತು ಬಿಟ್ಟು ವರ್ಷ ಆಯ್ತು ಡಾಕ್ಟ್ರೇ" ಎಂದ. "ಈಗ ಹೇಳಿದ್ರಲ್ಲ, ಅದನ್ನ ಇವ್ಳ ಎದ್ರಿಗೆ ಇನ್ನೊಂದ್ಸಲ ಹೇಳಿ."